ಪ್ರೊ. ಸಿ. ಆರ್. ನಾರಾಯಣರಾವ್ (1882–1960): ಕನ್ನಡ ನಾಡಿನಲ್ಲಿ ಪ್ರಾಣಿಶಾಸ್ತ್ರದ ಉನ್ನತ ಅಧ್ಯಯನಕ್ಕೆ ಅಡಿಪಾಯ ಹಾಕಿದವರು

ಸಂಕ್ಷಿಪ್ತ ಪರಿಚಯ

ಜನನ: 1882, ಕೊಯಮತ್ತೂರು
ವಿದ್ಯಾಭ್ಯಾಸ: ಬಳ್ಳಾರಿ ಹಾಗೂ ಮದರಾಸು ಕ್ರಿಶ್ಚಿಯನ್ ಕಾಲೇಜು
ವೃತ್ತಿ: ಪ್ರಾಣಿಶಾಸ್ತ್ರ ಪ್ರಾಧ್ಯಾಪಕರು, ಸೆಂಟ್ರಲ್ ಕಾಲೇಜು, ಬೆಂಗಳೂರು
ನಿವೃತ್ತಿ: 1937
ಅಧ್ಯಯನ ಕ್ಷೇತ್ರ: ದಕ್ಷಿಣ ಭಾರತದ ಕಪ್ಪೆಗಳು ಮತ್ತು ಅವುಗಳ ಗೊದಮೊಟ್ಟೆಗಳು
ಸಂಪಾದಕತ್ವ: ಕರೆಂಟ್ ಸೈನ್ಸ್ ಪತ್ರಿಕೆ (ಆರಂಭ: ಜುಲೈ 1932)
ನಿಧನ: 1960

1. ಪೀಠಿಕೆ

ಉಡುಪಿ ಜಿಲ್ಲೆ, ಕುಂದಾಪುರ ತಾಲ್ಲೂಕಿನ ಸಿದ್ದಾಪುರವು ಪಶ್ಚಿಮ ಘಟ್ಟದ ಬುಡದಲ್ಲಿರುವ ಗ್ರಾಮವಾಗಿದೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ಇದೇ ಹೆಸರಿನ ತಾಲ್ಲೂಕು ಕೇಂದ್ರವೊಂದಿದ್ದು, ಅದು ಬೇರೆ ಸ್ಥಳವೆಂಬುದನ್ನು ಓದುಗರು ಗಮನಿಸಬೇಕು. ಕುಂದಾಪುರ ಕಡೆಯ ಸಿದ್ದಾಪುರದಿಂದ ಹೊಸಂಗಡಿಯ ಮೂಲಕ ಬಾಳೆಬರೆ ಘಾಟಿಯನ್ನು ಏರಿದರೆ ಶಿವಮೊಗ್ಗ ಜಿಲ್ಲೆಯನ್ನು ತಲುಪಬಹುದು. ವಾರಾಹಿ ನದಿಯೂ, ಕಮಲಶಿಲೆಯ ಬಳಿ ಹರಿಯುವ ಕುಬ್ಜಾ ನದಿಯೂ ಈ ಭಾಗದ ಜೀವನಾಡಿಗಳು. ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ ಇಲ್ಲಿಯ ಬೈಲುಗದ್ದೆ, ತೋಡು, ಮದಗಗಳಲ್ಲಿ ಏಳುವ ಕಪ್ಪೆಗಳ ಕೂಗು ಎಲ್ಲರಿಗೂ ಪರಿಚಿತವಾದುದು.

ಹೀಗೆ ಕೂಗುವ ಕಪ್ಪೆಗಳು ಒಂದೇ ಬಗೆಯವಲ್ಲ. ಅವುಗಳಲ್ಲಿ ಯಾವುದು ಯಾವ ಜಾತಿ, ಯಾವುದು ಘಟ್ಟದ ಮೇಲಿನದು, ಯಾವುದರ ಮರಿ ನೀರಿನಲ್ಲಿ ಬೆಳೆಯುತ್ತದೆ, ಯಾವುದರ ಮರಿ ಮೊಟ್ಟೆಯೊಳಗೇ ಪೂರ್ಣಗೊಳ್ಳುತ್ತದೆ ಎಂಬ ವಿಷಯಗಳನ್ನು ಕನ್ನಡ ನಾಡಿನಲ್ಲಿಯೇ ಇದ್ದು ವ್ಯವಸ್ಥಿತವಾಗಿ ಅಭ್ಯಸಿಸಿದ ಮೊದಲಿಗರಲ್ಲಿ ಪ್ರೊ. ಸಿ. ಆರ್. ನಾರಾಯಣರಾವ್ ಅವರು ಪ್ರಮುಖರು. ಪ್ರಾಣಿಶಾಸ್ತ್ರ, ಪ್ರಾಣಿ ಶರೀರಕ್ರಿಯಾಶಾಸ್ತ್ರ ಮೊದಲಾದ ವಿಷಯಗಳಲ್ಲಿ ಸ್ನಾತಕೋತ್ತರ ಅಧ್ಯಯನಕ್ಕೆ ಅರ್ಜಿ ಸಲ್ಲಿಸುವ ವಿದ್ಯಾರ್ಥಿಗಳು ಹಾಗೂ ಅವರ ಪೋಷಕರ ತಿಳಿವಳಿಕೆಗಾಗಿ ಅವರ ಜೀವನ ಮತ್ತು ಕಾರ್ಯದ ವಿವರಗಳನ್ನು ಇಲ್ಲಿ ನೀಡಲಾಗಿದೆ.

2. ಜನನ ಮತ್ತು ವಿದ್ಯಾಭ್ಯಾಸ

ನಾರಾಯಣರಾವ್ ಅವರು 1882ರಲ್ಲಿ ಕೊಯಮತ್ತೂರಿನಲ್ಲಿ ಜನಿಸಿದರು. ಅವರ ಆರಂಭದ ವಿದ್ಯಾಭ್ಯಾಸವು ಬಳ್ಳಾರಿಯಲ್ಲಿ ನಡೆಯಿತು. ಆ ಕಾಲದಲ್ಲಿ ಬಳ್ಳಾರಿ ಜಿಲ್ಲೆಯೂ, ಕುಂದಾಪುರವನ್ನು ಒಳಗೊಂಡ ದಕ್ಷಿಣ ಕನ್ನಡ ಜಿಲ್ಲೆಯೂ ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು. ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾದದ್ದು 1916ರಲ್ಲಿ. ಆದುದರಿಂದ ಕರಾವಳಿಯಾಗಲಿ, ಬಳ್ಳಾರಿಯಾಗಲಿ, ಈ ಭಾಗಗಳ ವಿದ್ಯಾರ್ಥಿಯು ವಿಜ್ಞಾನದಲ್ಲಿ ಉನ್ನತ ಪದವಿಯನ್ನು ಪಡೆಯಬೇಕಾದರೆ ಮದರಾಸಿನತ್ತಲೇ ಮುಖಮಾಡಬೇಕಾಗಿತ್ತು.

ನಾರಾಯಣರಾವ್ ಅವರೂ ಇದೇ ದಾರಿಯನ್ನು ಹಿಡಿದು ಮದರಾಸು ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ಅಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಹೆಂಡರ್ಸನ್ ಅವರು ಇವರ ಗುರುಗಳು. ನಾರಾಯಣರಾವ್ ಅವರು ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದು, ಕೆಲಕಾಲ ಕೊಯಮತ್ತೂರು ಮತ್ತು ಎರ್ನಾಕುಲಂಗಳಲ್ಲಿ ಅಧ್ಯಾಪಕರಾಗಿ ಸೇವೆ ಸಲ್ಲಿಸಿದರು. ತದನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದರು.

3. ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗ

ಮೈಸೂರು ವಿಶ್ವವಿದ್ಯಾನಿಲಯವು ಆರಂಭವಾದಾಗ ಕಲಾ ವಿಷಯಗಳ ಬೋಧನೆಗೆ ಮೈಸೂರಿನ ಮಹಾರಾಜ ಕಾಲೇಜನ್ನೂ, ವಿಜ್ಞಾನ ವಿಷಯಗಳ ಬೋಧನೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನೂ ಮುಖ್ಯ ನೆಲೆಗಳನ್ನಾಗಿ ಮಾಡಲಾಯಿತು. ಇದೇ ಕಾಲೇಜಿನ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಿಂದ 1920ರವರೆಗೆ ವಿಜ್ಞಾನ ಎಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದ್ದನ್ನು ಇಲ್ಲಿ ಸ್ಮರಿಸಬಹುದು. ವಿಜ್ಞಾನವು ಈ ನಾಡಿನಲ್ಲಿ ಬೇರೂರಬೇಕೆಂಬ ಹಂಬಲವಿದ್ದ ಅಂತಹ ವಾತಾವರಣದಲ್ಲಿ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿ ನಿಲ್ಲಿಸುವ ಹೊಣೆಯು ನಾರಾಯಣರಾವ್ ಅವರದಾಯಿತು. 1937ರಲ್ಲಿ ನಿವೃತ್ತರಾಗುವವರೆಗೂ ಅವರು ಈ ಹೊಣೆಯನ್ನು ನಿರ್ವಹಿಸಿದರು.

ಪಾಠ ಹೇಳುವುದರಷ್ಟೇ ಸಂಶೋಧನೆಯೂ ವಿಭಾಗದ ಕರ್ತವ್ಯವೆಂಬುದು ಅವರ ನಿಲುವಾಗಿತ್ತು. ಅದಕ್ಕೆ ತಕ್ಕಂತೆ ಸಹೋದ್ಯೋಗಿಗಳನ್ನೂ ವಿದ್ಯಾರ್ಥಿಗಳನ್ನೂ ಸಂಶೋಧನೆಯಲ್ಲಿ ತೊಡಗಿಸಿದರು. ಈ ವಿಭಾಗದಲ್ಲಿ ಬೆಳೆದವರಲ್ಲಿ ಬಿ. ಆರ್. ಶೇಷಾಚಾರ್ ಅವರು ಕಾಲಿಲ್ಲದ ಉಭಯವಾಸಿಗಳ ಜೀವಕೋಶಗಳನ್ನು ಅಭ್ಯಸಿಸಿ ಹೆಸರು ಪಡೆದು, ಮುಂದೆ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಎಲ್. ಎಸ್. ರಾಮಸ್ವಾಮಿ ಅವರು ಕಪ್ಪೆಗಳ ತಲೆಬುರುಡೆಯ ರಚನೆಯನ್ನು ಕುರಿತು ಕೆಲಸ ಮಾಡಿ, ಮುಂದೆ ರಾಜಸ್ಥಾನ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರ ವಿಭಾಗವನ್ನು ಮುನ್ನಡೆಸಿದರು.

ರಾಮಸ್ವಾಮಿ ಅವರ ನಂತರದ ಕೆಲಸವು ಶರೀರಕ್ರಿಯಾಶಾಸ್ತ್ರಕ್ಕೆ ಸೇರಿದ್ದು. 1950ರ ದಶಕದಲ್ಲಿ ಅವರು ಬಿ. ಐ. ಸುಂದರರಾಜ್ ಅವರೊಡನೆ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಮೀಸೆಯುಳ್ಳ ಸಿಹಿನೀರಿನ ಮೀನುಗಳು ಮೊಟ್ಟೆಯಿಡುವಂತೆ ಮಾಡಿದರು. ಇದೇ ತತ್ತ್ವವನ್ನು ಆಧರಿಸಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಅವರು 1957ರ ಜುಲೈ 10ರಂದು ಕಟಕ್‌ನಲ್ಲಿ ಗೆಂಡೆಮೀನುಗಳ ಪ್ರೇರಿತ ಸಂತಾನೋತ್ಪತ್ತಿಯನ್ನು ಸಾಧಿಸಿದರು. ಆ ದಿನವನ್ನು ಇಂದಿಗೂ ದೇಶದಲ್ಲಿ ಮೀನುಕೃಷಿಕರ ದಿನವನ್ನಾಗಿ ಆಚರಿಸಲಾಗುತ್ತಿದೆ. ಕೃಷಿಹೊಂಡಕ್ಕೆ ಮೀನುಮರಿ ಬೇಕೆಂದು ಅರ್ಜಿ ಸಲ್ಲಿಸುವ ರೈತರಿಗೆ ಮರಿಗಳು ದೊರೆಯುವುದು ಬಹುಮಟ್ಟಿಗೆ ಈ ವಿಧಾನದಿಂದಲೇ. ಜೀವಿಯ ದೇಹವು ಹೇಗೆ ಕೆಲಸ ಮಾಡುತ್ತದೆ ಎಂಬ ಶುದ್ಧ ವಿಜ್ಞಾನದ ಪ್ರಶ್ನೆಯು ಜನರ ಜೀವನೋಪಾಯದವರೆಗೆ ತಲುಪುವ ಬಗೆಯನ್ನು ಇದರಿಂದ ತಿಳಿಯಬಹುದಾಗಿದೆ.

4. ಕಪ್ಪೆಗಳ ಅಧ್ಯಯನ

ಕಪ್ಪೆಯು ಪ್ರಾಣಿಶಾಸ್ತ್ರದ ಬೋಧನೆಯಲ್ಲಿ ವಿಶೇಷ ಸ್ಥಾನವನ್ನು ಪಡೆದ ಪ್ರಾಣಿ. ಅದರ ಹೃದಯದಲ್ಲಿ ಮೂರು ಕೋಣೆಗಳಿವೆ. ಶ್ವಾಸಕೋಶದ ಜೊತೆಗೆ ಒದ್ದೆಯಾದ ಚರ್ಮದ ಮೂಲಕವೂ ಅದು ಉಸಿರಾಡುತ್ತದೆ. ಕಿವಿರುಗಳಿಂದ ಉಸಿರಾಡುವ ಗೊದಮೊಟ್ಟೆಯು ಬಾಲವನ್ನು ಕಳೆದುಕೊಂಡು ನೆಲದ ಮೇಲೆ ನೆಗೆಯುವ ಕಪ್ಪೆಯಾಗುವಾಗ ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಅಂಗವೂ ಬದಲಾಗುತ್ತದೆ. ನರ ಮತ್ತು ಸ್ನಾಯುಗಳ ಸಂಬಂಧವನ್ನು ತೋರಿಸಲು ಕಪ್ಪೆಯ ಕಾಲನ್ನೂ, ಹೃದಯದ ಬಡಿತವನ್ನು ದಾಖಲಿಸಲು ಅದರ ಹೃದಯವನ್ನೂ ಜಗತ್ತಿನಾದ್ಯಂತ ಪ್ರಯೋಗಶಾಲೆಗಳಲ್ಲಿ ಬಳಸುತ್ತಿದ್ದರು.

ಆದರೆ ಮೇಜಿನ ಮೇಲೆ ಬರುವ ಕಪ್ಪೆಯ ಜಾತಿ ಯಾವುದೆಂಬ ವಿಷಯದಲ್ಲಿ ತಿಳಿವಳಿಕೆಯು ಅಪೂರ್ಣವಾಗಿತ್ತು. ಬ್ರಿಟಿಷ್ ಮ್ಯೂಸಿಯಂನ ಬೂಲೆಂಜರ್ ಅವರು ಭಾರತದ ಸರೀಸೃಪ ಮತ್ತು ಕಪ್ಪೆಗಳ ಬಗ್ಗೆ 1890ರಲ್ಲಿ ಪ್ರಕಟಿಸಿದ ಗ್ರಂಥವೇ ಮುಖ್ಯ ಆಧಾರವಾಗಿತ್ತು. ನಾರಾಯಣರಾವ್ ಅವರು ಈ ಕೊರತೆಯನ್ನು ತುಂಬಲು ಮುಂದಾದರು. 1914ರಿಂದಲೇ ಅವರ ಲೇಖನಗಳು ಕಲ್ಕತ್ತಾದ ಇಂಡಿಯನ್ ಮ್ಯೂಸಿಯಂನ ಪತ್ರಿಕೆಯಲ್ಲಿ ಪ್ರಕಟವಾಗತೊಡಗಿದವು. ಅವರ ಆರಂಭದ ಬರಹಗಳಲ್ಲಿ ಕೆಲವು ಗೊದಮೊಟ್ಟೆಗಳನ್ನು ಕುರಿತವು. ದೊಡ್ಡ ಕಪ್ಪೆಯನ್ನು ಮಾತ್ರ ಹೆಸರಿಸಿ ಬಿಡದೆ, ಅದರ ಮರಿಯನ್ನೂ ಗುರುತಿಸಿ ವಿವರಿಸಬೇಕೆಂಬ ಕಾಳಜಿಯು ಇದರಲ್ಲಿ ಕಾಣುತ್ತದೆ.

ಅವರು ವಿವರಿಸಿದ ಕಪ್ಪೆಗಳಿಗೆ ಇಟ್ಟ ಹೆಸರುಗಳಲ್ಲಿ ಕನ್ನಡ ನಾಡಿನ ಊರುಗಳು ಉಳಿದುಕೊಂಡಿವೆ. ಅವುಗಳಲ್ಲಿ ಕೆಲವನ್ನು ಈ ಕೆಳಗೆ ನೀಡಲಾಗಿದೆ.

(ಅ) ಕೊಡಗಿನ ಪವಿತ್ರವೆನಿಸಿದ ಜೌಗು ಪ್ರದೇಶದ ಕಪ್ಪೆಯೊಂದಕ್ಕೆ 1920ರಲ್ಲಿ ನಿಕ್ಟಿಬ್ಯಾಟ್ರಕಸ್ ಸ್ಯಾಂಕ್ಟಿಪಲುಸ್ಟ್ರಿಸ್ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯ ಈ ಪದಕ್ಕೆ ಪವಿತ್ರ ಜೌಗಿನದು ಎಂಬ ಅರ್ಥವಿದೆ.

(ಆ) ಜೋಗದಿಂದ ದೊರೆತ ಕಪ್ಪೆಯೊಂದಕ್ಕೆ 1922ರಲ್ಲಿ ಮೈಸೂರಿನ ಹೆಸರನ್ನು ಇಟ್ಟರು.

(ಇ) ಹಾಸನ ಜಿಲ್ಲೆಯ ಕೆಂಪುಹೊಳೆಯ ಹೆಸರು ಸಣ್ಣ ಗಾತ್ರದ ಇರುಳುಗಪ್ಪೆಯೊಂದಕ್ಕೆ 1937ರಲ್ಲಿ ಸಂದಿತು.

(ಈ) ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಹೆಸರನ್ನು ಹೊತ್ತ ಕಪ್ಪೆಯನ್ನೂ 1937ರಲ್ಲಿಯೇ ವಿವರಿಸಿದರು. ತೊರೆಯ ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ಚಾಚಿ ಸನ್ನೆ ಮಾಡುವ ನೃತ್ಯಗಪ್ಪೆಗಳ ಕುಲದಲ್ಲಿ ಇದನ್ನು ಈಗ ಸೇರಿಸಲಾಗಿದೆ.

ಜೊತೆಗೆ ಕೆಲಸ ಮಾಡಿದವರನ್ನು ಅವರು ಮರೆಯಲಿಲ್ಲ. 1925ರಲ್ಲಿ ರಾಮಣ್ಣ ಅವರೊಡಗೂಡಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಹೊಸ ಕುಲಕ್ಕೆ ರಾಮನೆಲ್ಲ ಎಂಬ ಹೆಸರು ಬಂತು. ಅದೇ ರೀತಿ, 1937ರಲ್ಲಿ ವಿವರಿಸಲಾದ ಪುಟ್ಟ ಪೊದೆಗಪ್ಪೆಯೊಂದು ಇಂದಿಗೂ ಶೇಷಾಚಾರ್ ಅವರ ಹೆಸರಿನಿಂದ ಪರಿಚಿತವಾಗಿದೆ. ರಾಮನೆಲ್ಲ ಕುಲವನ್ನು 2016ರಲ್ಲಿ ಯುಪೆರೊಡಾನ್ ಎಂಬ ಹಳೆಯ ಕುಲದಲ್ಲಿ ವಿಲೀನಗೊಳಿಸಲಾಯಿತು.

1937ರಲ್ಲಿ, ಅಂದರೆ ನಿವೃತ್ತಿಯ ವರ್ಷದಲ್ಲಿ, ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ದಕ್ಷಿಣ ಭಾರತದ ಹೊಸ ಕಪ್ಪೆಗಳನ್ನು ಕುರಿತ ಅವರ ದೀರ್ಘ ಲೇಖನವು ಪ್ರಕಟವಾಯಿತು. ಅವರ ಹೆಸರು ಇಂದಿಗೂ ಹೆಚ್ಚಾಗಿ ಉಲ್ಲೇಖವಾಗುವುದು ಈ ಲೇಖನದಿಂದಲೇ.

5. ಕರೆಂಟ್ ಸೈನ್ಸ್ ಪತ್ರಿಕೆ

ಭಾರತದ ವಿಜ್ಞಾನಿಗಳು ತಮ್ಮ ಫಲಿತಾಂಶಗಳನ್ನು ಬೇಗನೆ ಪ್ರಕಟಿಸಬೇಕಾದರೆ ಲಂಡನ್ನಿನ ನೇಚರ್ ಪತ್ರಿಕೆಯಂತಹ ವಿದೇಶೀ ಪತ್ರಿಕೆಗಳಿಗೆ ಬರೆದು ಕಳುಹಿಸಿ, ಹಡಗಿನ ಅಂಚೆಯನ್ನು ಕಾಯಬೇಕಾಗಿದ್ದ ಕಾಲವದು. ದೇಶದಲ್ಲಿಯೇ ಅಂತಹ ಒಂದು ಪತ್ರಿಕೆಯಿರಬೇಕೆಂಬ ಉದ್ದೇಶದಿಂದ 1932ರ ಜುಲೈ ತಿಂಗಳಲ್ಲಿ ಬೆಂಗಳೂರಿನಿಂದ ಕರೆಂಟ್ ಸೈನ್ಸ್ ಪತ್ರಿಕೆಯು ಹೊರಬಂದಿತು. ಇದರ ಸ್ಥಾಪಕರಲ್ಲಿ ಒಬ್ಬರಾದ ನಾರಾಯಣರಾವ್ ಅವರೇ ಆರಂಭದ ವರ್ಷಗಳಲ್ಲಿ ಸಂಪಾದಕರಾಗಿ ಪತ್ರಿಕೆಯನ್ನು ನಡೆಸಿದರು. ಪ್ರಾಧ್ಯಾಪಕ ಹುದ್ದೆಯ ಕೆಲಸ, ಸ್ವಂತ ಸಂಶೋಧನೆ ಮತ್ತು ಸಂಪಾದಕತ್ವ ಈ ಮೂರನ್ನೂ ಅವರು ಒಟ್ಟಿಗೆ ನಿರ್ವಹಿಸಿದ್ದು ಗಮನಾರ್ಹವಾಗಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಕೃಷಿ ಮೊದಲಾದ ಎಲ್ಲ ಶಾಖೆಗಳಿಗೂ ತೆರೆದಿದ್ದ ಈ ಪತ್ರಿಕೆಯು ಬೆಂಗಳೂರಿನಿಂದ ಇಂದಿಗೂ ಪ್ರಕಟವಾಗುತ್ತಿದೆ.

6. ಕಳೆದುಹೋದ ಮಾದರಿಗಳು

ಹೊಸ ಜಾತಿಯೊಂದನ್ನು ಹೆಸರಿಸುವಾಗ, ಯಾವ ಪ್ರಾಣಿಯನ್ನು ನೋಡಿ ವಿವರಣೆಯನ್ನು ಬರೆಯಲಾಯಿತೋ ಅದನ್ನು ದ್ರಾವಣದಲ್ಲಿರಿಸಿ, ಚೀಟಿ ಅಂಟಿಸಿ, ಕಾಯ್ದಿಡುವುದು ನಿಯಮ. ಇದಕ್ಕೆ ಮೂಲ ಮಾದರಿ ಎನ್ನುತ್ತಾರೆ. ಮುಂದೆ ಯಾರಿಗಾದರೂ ಸಂದೇಹ ಬಂದರೆ ಆ ಮಾದರಿಯನ್ನೇ ಹೊರತೆಗೆದು ಹೋಲಿಸಿ ನೋಡಬೇಕು. ಲೆಕ್ಕದ ಪುಸ್ತಕದಲ್ಲಿ ಬರೆದ ಮೊತ್ತಕ್ಕೆ ವೋಚರ್ ಎಷ್ಟು ಅಗತ್ಯವೋ, ಪ್ರಕಟಿತ ವಿವರಣೆಗೆ ಮೂಲ ಮಾದರಿಯೂ ಅಷ್ಟೇ ಅಗತ್ಯ. ಸಂಶೋಧಕರು ಕಾಯ್ದಿಟ್ಟ ಮಾದರಿಯನ್ನು ವೋಚರ್ ಎಂದೇ ಕರೆಯುವುದೂ ಉಂಟು.

ನಾರಾಯಣರಾವ್ ಅವರ ಮಾದರಿಗಳು ಸೆಂಟ್ರಲ್ ಕಾಲೇಜಿನ ಸಂಗ್ರಹದಲ್ಲಿದ್ದವು. ನಂತರದ ತಲೆಮಾರಿನ ಸಂಶೋಧಕರು ಅವುಗಳನ್ನು ಹುಡುಕಿದಾಗ ಅವು ದೊರೆಯಲಿಲ್ಲ. 1980ರ ದಶಕದ ಹೊತ್ತಿಗೆ ಅವು ಕಳೆದುಹೋಗಿವೆಯೆಂದು ವೈಜ್ಞಾನಿಕ ಬರಹಗಳಲ್ಲಿ ದಾಖಲಾಯಿತು. ಸುಮಾರು ಕಾಲು ಶತಮಾನದ ಪರಿಶ್ರಮದ ಫಲವಾದ ಪ್ರಕಟಣೆಗಳು ಉಳಿದವು, ಅವುಗಳಿಗೆ ಆಧಾರವಾದ ಪ್ರಾಣಿಗಳು ಉಳಿಯಲಿಲ್ಲ.

ಇದರ ಪರಿಣಾಮವು ಸಣ್ಣದಲ್ಲ. ಅವರು ಹೆಸರಿಸಿದ ಜಾತಿಗಳಲ್ಲಿ ಕೆಲವು ನಿಜವಾಗಿ ಯಾವ ಕಪ್ಪೆಗೆ ಸೇರಿದವು ಎಂಬ ಪ್ರಶ್ನೆಯು ದಶಕಗಳ ಕಾಲ ಇತ್ಯರ್ಥವಾಗದೆ ಉಳಿಯಿತು. ಒಂದು ಜಾತಿ ಯಾವುದೆಂಬುದೇ ನಿಶ್ಚಿತವಾಗದಿದ್ದರೆ ಅದು ಎಷ್ಟು ಸಂಖ್ಯೆಯಲ್ಲಿದೆ, ಅಪಾಯದಲ್ಲಿದೆಯೇ, ಅದನ್ನು ರಕ್ಷಿಸಬೇಕಾದ ಕಾಡು ಯಾವುದು ಎಂಬುದನ್ನು ನಿರ್ಧರಿಸಲು ಸಾಧ್ಯವಾಗುವುದಿಲ್ಲ. ಆದುದರಿಂದ ಸಂಶೋಧಕರು ಅವರ ಲೇಖನಗಳಲ್ಲಿ ನಮೂದಾದ ಊರುಗಳಿಗೇ ಮತ್ತೆ ಹೋಗಿ, ಅಲ್ಲಿಯ ಕಪ್ಪೆಗಳನ್ನು ಅವರ ವಿವರಣೆಯೊಂದಿಗೆ ಹೋಲಿಸಿ ಗುರುತಿಸುವ ಕಾರ್ಯವನ್ನು ಕೈಗೊಳ್ಳಬೇಕಾಯಿತು. ಈ ಕಾರ್ಯಕ್ಕೆ ನೆರವಾದದ್ದು ಅವರು ಸ್ಥಳದ ಹೆಸರು ಮತ್ತು ದೇಹದ ಲಕ್ಷಣಗಳನ್ನು ಬರೆದಿಟ್ಟಿದ್ದ ದಾಖಲೆಯೇ.

7. ಮರಳಿ ಬಂದ ಹೆಸರು

ನಾರಾಯಣರಾವ್ ಅವರು 1960ರಲ್ಲಿ ನಿಧನರಾದರು. ಐವತ್ತು ವರ್ಷಗಳ ನಂತರ, 2010ರಲ್ಲಿ, ಎಸ್. ಡಿ. ಬಿಜು ಮತ್ತು ಸಂಗಡಿಗರು ಪೊದೆಗಪ್ಪೆಗಳ ಹೊಸ ಕುಲವೊಂದನ್ನು ಗುರುತಿಸಿ, ಅದಕ್ಕೆ ಅವರ ಗೌರವಾರ್ಥವಾಗಿ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟರು. ಈ ಕುಲದಲ್ಲಿ ಈಗ ಎಪ್ಪತ್ತಕ್ಕೂ ಹೆಚ್ಚು ಜಾತಿಗಳಿದ್ದು, ಅವುಗಳಲ್ಲಿ ಬಹುಪಾಲು ಪಶ್ಚಿಮ ಘಟ್ಟದಲ್ಲಿವೆ. ಇವುಗಳಿಗೆ ನೀರಿನಲ್ಲಿ ಈಜುವ ಗೊದಮೊಟ್ಟೆಯ ಹಂತವಿಲ್ಲ. ಮೊಟ್ಟೆಯೊಡೆದು ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಶೇಷಾಚಾರ್ ಅವರ ಹೆಸರಿನ ಪೊದೆಗಪ್ಪೆಯೂ ಇದೇ ಕುಲಕ್ಕೆ ಸೇರಿದೆ. ಹೀಗಾಗಿ ಗುರುವಿನ ಹೆಸರು ಕುಲದಲ್ಲಿಯೂ, ಶಿಷ್ಯನ ಹೆಸರು ಜಾತಿಯಲ್ಲಿಯೂ ಒಂದೇ ಪ್ರಾಣಿಯಲ್ಲಿ ಕೂಡಿಬಂದಿವೆ.

ಅವರು ಆರಂಭಿಸಿದ ಕಾರ್ಯವು ಕರಾವಳಿಯಲ್ಲಿಯೂ ಮುಂದುವರಿದಿದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಹೆಸರನ್ನು ಹೊತ್ತ ಕಪ್ಪೆಯೊಂದನ್ನು 2009ರಲ್ಲಿ ವಿವರಿಸಲಾಯಿತು. ಮೊಟ್ಟೆಗಳಿಗೆ ಮಣ್ಣನ್ನು ಮೆತ್ತುವ ಕುಂಬಾರ ಕಪ್ಪೆಯನ್ನು ಉತ್ತರ ಕನ್ನಡದ ಕತ್ತಲೆಕಾನಿನಿಂದ 2014ರಲ್ಲಿಯೂ, ಉಡುಪಿ ಜಿಲ್ಲೆಯ ಮಣಿಪಾಲದ ಮುರಕಲ್ಲಿನ ಬಯಲಿನಿಂದ ಪುಟ್ಟ ಕಪ್ಪೆಯೊಂದನ್ನು 2016ರಲ್ಲಿಯೂ ಲೋಕಕ್ಕೆ ಪರಿಚಯಿಸಲಾಯಿತು. ಜನವಸತಿಯ ನಡುವಿನ ಬಯಲಿನಲ್ಲಿಯೂ ಹೆಸರಿಲ್ಲದ ಜೀವಿ ಇರಬಹುದೆಂಬುದಕ್ಕೆ ಕೊನೆಯ ಉದಾಹರಣೆಯು ಸಾಕ್ಷಿ. ಇನ್ನೊಂದೆಡೆ, ಜಗತ್ತಿನ ಉಭಯವಾಸಿಗಳಲ್ಲಿ ಶೇಕಡ 41ರಷ್ಟು ಅಳಿವಿನ ಅಪಾಯದಲ್ಲಿವೆಯೆಂದು 2023ರಲ್ಲಿ ಪ್ರಕಟವಾದ ಜಾಗತಿಕ ಅಂದಾಜು ತಿಳಿಸಿದೆ.

8. ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರ ಗಮನಕ್ಕೆ

ನಾರಾಯಣರಾವ್ ಅವರ ಕಾಲಕ್ಕೂ ಇಂದಿಗೂ ಅಧ್ಯಯನದ ಅವಕಾಶ ಹಾಗೂ ನಿಯಮಗಳಲ್ಲಿ ಬಹಳ ವ್ಯತ್ಯಾಸವಾಗಿದೆ. ಈ ಕೆಳಕಂಡ ಅಂಶಗಳನ್ನು ಅರ್ಜಿದಾರರು ತಿಳಿದಿರುವುದು ಉಪಯುಕ್ತ.

(ಅ) ಸಿದ್ದಾಪುರ ಭಾಗದ ವಿದ್ಯಾರ್ಥಿಗಳು ಇಂದು ಉನ್ನತ ಅಧ್ಯಯನಕ್ಕಾಗಿ ಮದರಾಸಿಗೆ ಹೋಗಬೇಕಾಗಿಲ್ಲ. 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯ, 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ಮತ್ತು ಘಟ್ಟದ ಮೇಲೆ ಶಿವಮೊಗ್ಗದಲ್ಲಿರುವ ಪಶುವೈದ್ಯಕೀಯ ಕಾಲೇಜು ಸಮೀಪದ ಸಂಸ್ಥೆಗಳಾಗಿವೆ.

(ಆ) ಪ್ರಾಣಿಶಾಸ್ತ್ರದ ಪದವಿ ಹಾಗೂ ಸ್ನಾತಕೋತ್ತರ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ದು ನೋಡುವ ಪದ್ಧತಿಯನ್ನು ಹಂತಹಂತವಾಗಿ ಕೈಬಿಡಲು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2011ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. 2014ರಲ್ಲಿ ಅದನ್ನು ಸಂಪೂರ್ಣವಾಗಿ ನಿಲ್ಲಿಸಲು ತಿಳಿಸಿತು. ಗದ್ದೆಯಿಂದ ಕಪ್ಪೆ ಹಿಡಿದು ಕಾಲೇಜಿಗೆ ಒದಗಿಸುವ ಅಗತ್ಯವು ಈಗ ಇರುವುದಿಲ್ಲ.

(ಇ) ಕಪ್ಪೆಯ ಕಾಲುಗಳ ರಫ್ತನ್ನು ಭಾರತ ಸರ್ಕಾರವು 1987ರಲ್ಲಿ ನಿಷೇಧಿಸಿದೆ. ಗದ್ದೆಯ ಕೀಟಗಳನ್ನು ತಿನ್ನುವ ಕಪ್ಪೆಗಳು ಕೃಷಿಕರಿಗೆ ಸಹಾಯಕವಾಗಿವೆ.

(ಈ) ಈ ಭಾಗದ ಘಟ್ಟದ ಕಾಡುಗಳಲ್ಲಿ ಮೂಕಾಂಬಿಕಾ ಹಾಗೂ ಸೋಮೇಶ್ವರ ವನ್ಯಜೀವಿ ಧಾಮಗಳಿವೆ. ವನ್ಯಜೀವಿ ಧಾಮದೊಳಗೆ ಅಧ್ಯಯನ ಅಥವಾ ಸಂಶೋಧನೆಗಾಗಿ ಪ್ರವೇಶಿಸಲು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಕಲಂ 28ರ ಅನ್ವಯ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯನ್ನು ಪಡೆದಿರಬೇಕು. ಮಳೆಗಾಲದ ಕ್ಷೇತ್ರಕಾರ್ಯವನ್ನು ಯೋಜಿಸುವವರು ಅರ್ಜಿಯನ್ನು ಸಾಕಷ್ಟು ಮುಂಚಿತವಾಗಿ ಸಲ್ಲಿಸುವುದು ಒಳ್ಳೆಯದು.

(ಉ) ಹೊಸ ಜಾತಿಯನ್ನು ಗುರುತಿಸಿದವರು ಜೈವಿಕ ವೈವಿಧ್ಯ ಅಧಿನಿಯಮ, 2002ರ ಕಲಂ 39ರ ಪ್ರಕಾರ ಅದನ್ನು ನಿಯೋಜಿತ ಸಂಗ್ರಹಾಲಯಕ್ಕೆ ತಿಳಿಸಿ, ಮಾದರಿಯನ್ನು ಅಲ್ಲಿ ಠೇವಣಿಯಿಡಬೇಕು. ಪ್ರಾಣಿಗಳಿಗೆ ಸಂಬಂಧಿಸಿದಂತೆ ಭಾರತೀಯ ಪ್ರಾಣಿ ಸರ್ವೇಕ್ಷಣೆಯು ಇಂತಹ ಸಂಗ್ರಹಾಲಯವಾಗಿರುತ್ತದೆ. ನಾರಾಯಣರಾವ್ ಅವರ ಸಂಗ್ರಹಕ್ಕೆ ಒದಗಿದ ಗತಿಯನ್ನು ಗಮನಿಸಿದರೆ ಈ ನಿಯಮದ ಮಹತ್ವವು ತಾನಾಗಿಯೇ ಮನವರಿಕೆಯಾಗುತ್ತದೆ.

9. ಉಪಸಂಹಾರ

ತಮ್ಮ ವಿಭಾಗ, ತಮ್ಮ ಶಿಷ್ಯರು, ತಮ್ಮ ಪತ್ರಿಕೆ ಮತ್ತು ತಮ್ಮ ಸಂಗ್ರಹ ಎಂಬ ನಾಲ್ಕನ್ನು ನಾರಾಯಣರಾವ್ ಅವರು ಈ ನಾಡಿಗೆ ಬಿಟ್ಟುಹೋದರು. ಮೊದಲ ಮೂರು ಬೆಳೆದು ಫಲ ನೀಡಿದವು. ಕಾಯ್ದುಕೊಳ್ಳುವ ಹೊಣೆಯು ಮುಂದಿನವರ ಮೇಲಿದ್ದ ನಾಲ್ಕನೆಯದು ಮಾತ್ರ ಉಳಿಯಲಿಲ್ಲ. ಗಾಜಿನ ಜಾಡಿಯಲ್ಲಿನ ದ್ರಾವಣವು ಆವಿಯಾಗದಂತೆ ಕಾಲಕಾಲಕ್ಕೆ ತುಂಬುವುದು, ಮಾಸಿದ ಚೀಟಿಯನ್ನು ಬದಲಿಸುವುದು, ದಾಸ್ತಾನು ವಹಿಯಲ್ಲಿ ನಮೂದಿಸುವುದು ಇವೆಲ್ಲ ಸಂಶೋಧನೆಯಷ್ಟೇ ಮುಖ್ಯವಾದ ಕೆಲಸಗಳು. ಕಾಲೇಜಿನ ಪ್ರಯೋಗಾಲಯ ಸಹಾಯಕರಿಂದ ಹಿಡಿದು ಸಂಗ್ರಹಾಲಯದ ಗುಮಾಸ್ತರವರೆಗೆ ಎಲ್ಲರೂ ಇದರಲ್ಲಿ ಪಾಲುದಾರರು.

ಸಿದ್ದಾಪುರದ ಗದ್ದೆಗಳಲ್ಲಿ ಪ್ರತಿ ವರ್ಷವೂ ಮುಂಗಾರಿನೊಡನೆ ಕಪ್ಪೆಗಳ ಕೂಗು ಮರಳಿ ಬರುತ್ತದೆ. ಅದನ್ನು ಕೇಳುತ್ತ ಬೆಳೆದ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಈ ವಿಷಯದ ಉನ್ನತ ಅಧ್ಯಯನಕ್ಕೆ ಮುಂದಾಗಿ, ಕಂಡದ್ದನ್ನು ಸರಿಯಾಗಿ ಬರೆದಿಟ್ಟು, ಸಂಗ್ರಹಿಸಿದ್ದನ್ನು ಜೋಪಾನವಾಗಿ ಒಪ್ಪಿಸಿದಲ್ಲಿ ಪ್ರೊ. ನಾರಾಯಣರಾವ್ ಅವರ ಕಾರ್ಯವು ಮುಂದುವರಿದಂತಾಗುತ್ತದೆ.